‘ಯಾವಾಗಿಂದ?’ ಅಂದರೆ ಫೋನ್ ತೋರಿಸಿ

ಬೆಳ್ಳಾವಿಯ ಸರ್ಕಾರಿ ಆಸ್ಪತ್ರೆಯಾಗಲಿ, ಗುಬ್ಬಿ, ಕುಣಿಗಲ್‌ಗಳ ತಾಲ್ಲೂಕು ಆಸ್ಪತ್ರೆಯಾಗಲಿ, ತುಮಕೂರಿನ ಖಾಸಗಿ ಕ್ಲಿನಿಕ್ಕಾಗಲಿ, ಸ್ಟೂಲಿನ ಮೇಲೆ ಕೂತ ಕೂಡಲೇ ಬರುವ ಪ್ರಶ್ನೆ ಒಂದೇ: ‘ಯಾವಾಗಿಂದ?’ ಉತ್ತರವೂ ಹೆಚ್ಚುಕಡಿಮೆ ಒಂದೇ: ‘ಒಂದ್ ವಾರ ಆಗಿರ್ಬೇಕು ಸಾರ್... ಇಲ್ಲ, ಹದಿನೈದು ದಿನ ಆಯ್ತೇನೋ.’ ಪಕ್ಕದಲ್ಲಿ ನಿಂತ ಹೆಂಡತಿ ‘ಎಲ್ಲಿ ಹದಿನೈದು ದಿನ, ಹಬ್ಬಕ್ಕೂ ಮುಂಚಿನಿಂದ ಹೇಳ್ತಾನೇ ಇದ್ರಿ’ ಎಂದು ತಿದ್ದುತ್ತಾಳೆ. ಎಷ್ಟು ಸಲ ಬಂತು, ಯಾವ ಹೊತ್ತಲ್ಲಿ, ಊಟಕ್ಕೆ ಮುಂಚೆಯೋ ಆಮೇಲೋ, ಏನು ಮಾತ್ರೆ ನುಂಗಿದಿರಿ ಎಂಬ ಪ್ರಶ್ನೆಗಳಿಗೆ ಬರುವಷ್ಟರಲ್ಲಿ ಮುಂದಿನ ಟೋಕನ್ನಿನವರು ಬಾಗಿಲಲ್ಲಿ ಇಣುಕುತ್ತಿರುತ್ತಾರೆ.

ಒಬ್ಬ ರೋಗಿಗೆ ಡಾಕ್ಟರು ಎಷ್ಟು ಹೊತ್ತು ಕೊಡುತ್ತಾರೆ ಎಂದು 67 ದೇಶಗಳ ಲೆಕ್ಕ ಒಟ್ಟುಗೂಡಿಸಿದ ಅಧ್ಯಯನವೊಂದು 2017ರಲ್ಲಿ ‘ಬಿಎಂಜೆ ಓಪನ್’ ಪತ್ರಿಕೆಯಲ್ಲಿ ಬಂತು. ಭಾರತದ ಪ್ರಾಥಮಿಕ ಹಂತದ ವೈದ್ಯರ ಲೆಕ್ಕ ಸುಮಾರು ಎರಡು ನಿಮಿಷ. ಇದಕ್ಕೆ ಡಾಕ್ಟರನ್ನು ಬೈದು ಉಪಯೋಗವಿಲ್ಲ, ಹೊರಗಿನ ಸಾಲು ಅಷ್ಟುದ್ದ ಇದೆ. ನಮ್ಮ ಕೈಯಲ್ಲಿರುವುದು ಆ ಎರಡು ನಿಮಿಷ ನೆನಪು ಕೆದಕುವುದರಲ್ಲೇ ಕಳೆದುಹೋಗದಂತೆ ನೋಡಿಕೊಳ್ಳುವುದು. ರೋಗಲಕ್ಷಣ ದಾಖಲಿಸುವ ಆ್ಯಪ್‌ಗಳು ನಿಜಕ್ಕೂ ಕೆಲಸಕ್ಕೆ ಬರುವುದು ಇಲ್ಲಿ. ರೋಗ ಕಂಡುಹಿಡಿಯಲು ಅವನ್ನು ಬಳಸಹೊರಟರೆ ಕೆಡುತ್ತೇವೆ. ನಮ್ಮ ಬದಲು ನೆನಪಿಟ್ಟುಕೊಳ್ಳಲು ಬಳಸಿದರೆ ಗೆದ್ದೆವು.

ಫೋನಿಗೆ ರೋಗಲಕ್ಷಣ ಹೇಳುವುದು ನಮಗೇನೂ ಹೊಸದಲ್ಲ. 2020ರ ಏಪ್ರಿಲ್‌ನಲ್ಲಿ ಆರೋಗ್ಯ ಸೇತು ಬಂದಾಗ ಕೆಮ್ಮು ಇದೆಯೇ, ಜ್ವರ ಇದೆಯೇ ಎಂದು ಅದು ಕೇಳುತ್ತಿತ್ತು, ನಾವು ಇಲ್ಲ ಇಲ್ಲ ಎಂದು ಒತ್ತುತ್ತಿದ್ದೆವು. ಕ್ವಾರಂಟೈನ್‌ನಲ್ಲಿದ್ದವರಿಂದ ಬೆಳಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ ಕೇಳಿದ ಆ್ಯಪನ್ನು ಕರ್ನಾಟಕ ಮರೆತಿರಲಿಕ್ಕಿಲ್ಲ. ಆ ಅನುಭವದಿಂದಲೇ ಆರೋಗ್ಯದ ಆ್ಯಪ್ ಎಂದರೆ ಸರ್ಕಾರ ನಮ್ಮ ಮೇಲೆ ಕಣ್ಣಿಡುವ ಸಾಧನ ಎಂಬ ಭಾವನೆ ಹಲವರಲ್ಲಿ ಉಳಿದಿದೆ. ಅದೇ ಹೊತ್ತಿನಲ್ಲಿ ಬ್ರಿಟನ್‌ನಲ್ಲಿ ಬೇರೊಂದು ನಡೆಯಿತು. ಲಂಡನ್ನಿನ ಕಿಂಗ್ಸ್ ಕಾಲೇಜಿನವರು ‘ಝೋಯಿ’ ಕಂಪನಿ ಜೊತೆ ಸೇರಿ ಮಾಡಿದ ಆ್ಯಪ್‌ನಲ್ಲಿ ಲಕ್ಷಾಂತರ ಜನ ದಿನಾ ತಮ್ಮ ಮೈಯ ಸ್ಥಿತಿ ಬರೆದರು. ವಾಸನೆ ಗೊತ್ತಾಗದಿರುವುದು ಕೋವಿಡ್‌ನ ಗಟ್ಟಿ ಗುರುತು ಎಂಬುದು ಆ ಬರಹಗಳ ರಾಶಿಯಲ್ಲಿ ಎದ್ದು ಕಂಡಿತು. 2020ರ ಮೇ ತಿಂಗಳಲ್ಲಿ ಅಲ್ಲಿನ ಸರ್ಕಾರ ಅದನ್ನು ಅಧಿಕೃತ ಲಕ್ಷಣಗಳ ಪಟ್ಟಿಗೆ ಸೇರಿಸಿತು. ಜನ ಬರೆದಿಟ್ಟದ್ದನ್ನು ಯಾರೋ ಕೂತು ಓದಿದ್ದರಿಂದ ಅದು ಸಾಧ್ಯವಾಯಿತು.

ಓದುವವರಿದ್ದರೆ ಎಷ್ಟು ವ್ಯತ್ಯಾಸ ಎಂಬುದಕ್ಕೆ ಇನ್ನೂ ಬಲವಾದ ಪುರಾವೆ ಕ್ಯಾನ್ಸರ್ ಚಿಕಿತ್ಸೆಯಲ್ಲಿದೆ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ಕೀಮೋ ತೆಗೆದುಕೊಳ್ಳುತ್ತಿದ್ದ 766 ರೋಗಿಗಳಲ್ಲಿ ಒಂದು ಗುಂಪು ವಾಕರಿಕೆ, ನೋವು, ಸುಸ್ತು ಮುಂತಾದ ಹನ್ನೆರಡು ಲಕ್ಷಣಗಳನ್ನು ಕಂಪ್ಯೂಟರಿನಲ್ಲಿ ಆಗಾಗ ತುಂಬಿಸುತ್ತಿತ್ತು. ಏನಾದರೂ ಜೋರಾದರೆ ನರ್ಸ್‌ಗೆ ಸಂದೇಶ ಹೋಗುತ್ತಿತ್ತು. ಇನ್ನೊಂದು ಗುಂಪಿಗೆ ಮಾಮೂಲು ಚಿಕಿತ್ಸೆ. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ತುಂಬಿಸಿದವರ ಬದುಕು ಮಧ್ಯಮ ಲೆಕ್ಕದಲ್ಲಿ 31.2 ತಿಂಗಳು, ಉಳಿದವರದ್ದು 26 ತಿಂಗಳು. ಐದು ತಿಂಗಳು ಕೊಡಿಸಿದ್ದು ಕಂಪ್ಯೂಟರಲ್ಲ, ಅದನ್ನು ನೋಡಿ ಫೋನ್ ಮಾಡಿದ ನರ್ಸ್.

ಒಂದೇ ಪ್ರಶ್ನೆ ಇಟ್ಟುಕೊಳ್ಳಿ

ಹೊಸ ಆ್ಯಪ್ ಹಾಕಿಕೊಂಡವರು ಮಾಡುವ ಮೊದಲ ಎಡವಟ್ಟು ಎಲ್ಲವನ್ನೂ ಬರೆಯಹೊರಡುವುದು. ನಿದ್ದೆ, ನೀರು, ಹೆಜ್ಜೆ, ಮೂಡು, ತಲೆನೋವು, ಮಲಬದ್ಧತೆ, ಎಲ್ಲಕ್ಕೂ ಒಂದೊಂದು ಗುಂಡಿ ಕಾಣುತ್ತದೆ. ಮೂರು ದಿನ ಉತ್ಸಾಹ, ನಾಲ್ಕನೇ ದಿನ ಮರೆವು. ಹಾಗಲ್ಲ, ಡಾಕ್ಟರ ಬಳಿ ಕೇಳಬೇಕಾದ ಒಂದು ಪ್ರಶ್ನೆ ಮನಸ್ಸಿನಲ್ಲಿ ಗಟ್ಟಿಯಾಗಲಿ. ‘ಈ ತಲೆಸುತ್ತು ಯಾಕೆ ಬರುತ್ತಿದೆ?’ ‘ಹೊಸ ಬಿಪಿ ಮಾತ್ರೆ ಕೆಲಸ ಮಾಡುತ್ತಿದೆಯೇ?’ ಅದಕ್ಕೆ ಬೇಕಾದ್ದನ್ನಷ್ಟೇ ಎರಡರಿಂದ ನಾಲ್ಕು ವಾರ ಬರೆಯಿರಿ.

ಒಂದು ಉದಾಹರಣೆ ಕಟ್ಟಿ ಹೇಳುತ್ತೇನೆ. ಬೆಳ್ಳಾವಿ ಹೋಬಳಿಯ ಒಬ್ಬ ತೆಂಗಿನಕಾಯಿ ವ್ಯಾಪಾರಿ, ಐವತ್ತೆಂಟರ ವಯಸ್ಸು, ಆರು ವರ್ಷದಿಂದ ಶುಗರ್ ಎಂದಿಟ್ಟುಕೊಳ್ಳಿ. ಮೆಟ್‌ಫಾರ್ಮಿನ್ ಜೊತೆ ಗ್ಲಿಮಿಪಿರೈಡ್ ಸೇರಿದ ಮಾತ್ರೆ ದಿನಾ ಬೆಳಗ್ಗೆ. ಆಗಾಗ ಕೈ ನಡುಗುತ್ತದೆ, ಮೈ ಬೆವರುತ್ತದೆ, ಕಣ್ಣು ಕತ್ತಲೆ ಬರುತ್ತದೆ. ಡಾಕ್ಟರ ಮುಂದೆ ಅದನ್ನು ‘ಒಂಥರಾ ನಿಶ್ಶಕ್ತಿ’ ಎನ್ನುತ್ತಾನೆ, ಚೀಟಿಯಲ್ಲಿ ಬಿ ಕಾಂಪ್ಲೆಕ್ಸ್ ಬರುತ್ತದೆ. ಈಗ ಅವನ ಫೋನಿನಲ್ಲಿ ಮೂರು ವಾರದ ಸಾಲುಗಳಿವೆ ಎನ್ನಿ:

‘ಸಂತೆ ದಿನ, ಬೆಳಗ್ಗೆ 11.20. ಕೈ ನಡುಕ, ಬೆವರು, ಸಿಟ್ಟು. ಹತ್ತಕ್ಕೆ ಆರು. ಮಾತ್ರೆ 6.30ಕ್ಕೆ. ತಿಂಡಿ ಇಲ್ಲ, ಟೀ ಎರಡು. ಬೆಲ್ಲ ತಿಂದು ಕಾಲು ಗಂಟೆಗೆ ಸರಿಹೋಯ್ತು.’

‘ಮಾರನೇ ದಿನ. ಏನೂ ಇಲ್ಲ. ಮಾತ್ರೆ 8ಕ್ಕೆ, ತಿಂಡಿ 8.30ಕ್ಕೆ.’

‘ಸಂತೆ ದಿನ, 11.40. ಮತ್ತೆ ಅದೇ. ಮಾತ್ರೆ ಬೇಗ, ತಿಂಡಿ ಇಲ್ಲ.’

ಇದನ್ನು ಓದಲು ಡಾಕ್ಟರಿಗೆ ಹದಿನೈದು ಸೆಕೆಂಡ್ ಸಾಕು. ಗ್ಲಿಮಿಪಿರೈಡ್ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹಿಂಡಿ ತೆಗೆಯುವ ಔಷಧ. ಹೊಟ್ಟೆಗೆ ಅನ್ನ ಬಿದ್ದಿದೆಯೋ ಇಲ್ಲವೋ ಅದಕ್ಕೆ ಸಂಬಂಧವಿಲ್ಲ. ಲೋಡು ಇಳಿಸುವ ಗಡಿಬಿಡಿಯಲ್ಲಿ ತಿಂಡಿ ತಪ್ಪಿತು, ಮಾತ್ರೆ ತಪ್ಪಲಿಲ್ಲ, ಶುಗರ್ ಕುಸಿಯಿತು. ಮಾತ್ರೆಯ ಹೊತ್ತು ಬದಲಿಸುವುದೋ, ಪ್ರಮಾಣ ಇಳಿಸುವುದೋ, ಔಷಧವನ್ನೇ ಬದಲಿಸುವುದೋ ಡಾಕ್ಟರಿಗೆ ಬಿಟ್ಟದ್ದು. ನೀವಾಗಿ ನಿಲ್ಲಿಸಬೇಡಿ. ಆದರೆ ಮುಂದಿನ ಸಲ ನಡುಕ ಬಂದ ಕೂಡಲೇ ಗ್ಲುಕೋಮೀಟರಿನಲ್ಲಿ ನೋಡಿ ಆ ಸಂಖ್ಯೆಯನ್ನೂ ಬರೆದರೆ ಅನುಮಾನಕ್ಕೆ ಜಾಗವೇ ಉಳಿಯದು. 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಮಿಷನ್ ಕೈಗೆ ಸಿಗದಿದ್ದರೆ ಹುಡುಕುತ್ತಾ ಕೂರದೆ ಮೊದಲು ಸಕ್ಕರೆ.

ಈ ಉದಾಹರಣೆಯಲ್ಲಿ ಗಮನಿಸಬೇಕಾದ ಸಾಲು ಎರಡನೆಯದು. ಏನೂ ಆಗದ ದಿನವನ್ನೂ ಅವನು ಬರೆದಿದ್ದಾನೆ. ಕೆಟ್ಟ ದಿನಗಳನ್ನಷ್ಟೇ ಬರೆದರೆ ಯಾವುದಕ್ಕೆ ಹೋಲಿಸುವುದು? ಚೆನ್ನಾಗಿದ್ದ ದಿನಕ್ಕೂ ಒಂದು ಸಾಲು ಬೇಕು, ಅಷ್ಟೇ ಚಿಕ್ಕದು.

ಬರೆಯುವಾಗ ರೋಗದ ಹೆಸರು ಹಾಕಬೇಡಿ, ಆದದ್ದನ್ನು ಬರೆಯಿರಿ. ನಮ್ಮ ಕಡೆ ಎದೆ ಹಿಡಿದುಕೊಂಡರೂ ಗ್ಯಾಸ್ಟ್ರಿಕ್, ಬೆನ್ನು ಚುಚ್ಚಿದರೂ ಗ್ಯಾಸ್ಟ್ರಿಕ್, ತಲೆ ಸುತ್ತಿದರೂ ಗ್ಯಾಸ್ಟ್ರಿಕ್. ಆ ಒಂದು ಪದ ಬರೆದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ಬದಲಿಗೆ ‘ಎದೆ ಮಧ್ಯ ಕಲ್ಲಿಟ್ಟ ಹಾಗೆ, ಎರಡು ನಿಮಿಷ, ಮೆಟ್ಟಿಲು ಹತ್ತುವಾಗ, ನಿಂತರೆ ಹೋಗುತ್ತೆ’ ಎಂದಿದ್ದರೆ ಡಾಕ್ಟರು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ. ಎಲ್ಲಿ, ಯಾವಾಗ ಶುರು, ಎಷ್ಟು ಹೊತ್ತು, ಸೊನ್ನೆಯಿಂದ ಹತ್ತರಲ್ಲಿ ಎಷ್ಟು, ಅದಕ್ಕೆ ಮುಂಚೆ ಏನು ಮಾಡುತ್ತಿದ್ದಿರಿ, ಯಾವುದರಿಂದ ಇಳಿಯಿತು. ಇದಿಷ್ಟಕ್ಕೆ ಅರ್ಧ ನಿಮಿಷ ಸಾಕು. ಜುಮ್ಮು, ಉರಿ, ಸೆಳೆತ, ಮಂಜು, ಮರಗಟ್ಟಿದ ಹಾಗೆ ಎಂಬ ಮಾತುಗಳೇ ಸರಿ, ಇಂಗ್ಲಿಷ್ ಹುಡುಕಿ ಒದ್ದಾಡುವ ಅಗತ್ಯವಿಲ್ಲ.

ಅಂಗಡಿಯಿಂದ ತಂದು ನುಂಗಿದ ನೋವಿನ ಮಾತ್ರೆಯನ್ನು ಮಾತ್ರ ತಪ್ಪದೆ ಬರೆಯಬೇಕು. ನಾವು ಡಾಕ್ಟರಿಂದ ಮುಚ್ಚಿಡುವ ಸಂಗತಿ ಇದು, ಬೇಕಂತಲ್ಲ, ಅದೂ ಒಂದು ಔಷಧವೇ ಎಂದು ಅನಿಸುವುದಿಲ್ಲ. ತಿಂಗಳಲ್ಲಿ 15 ದಿನ ಅಥವಾ ಹೆಚ್ಚು ದಿನ ಸಾದಾ ನೋವಿನ ಮಾತ್ರೆ, ಇಲ್ಲವೇ 10 ದಿನ ಮಿಶ್ರ ಮಾತ್ರೆ ತಿಂಗಳುಗಟ್ಟಲೆ ನುಂಗುತ್ತಿದ್ದರೆ ಆ ಮಾತ್ರೆಯೇ ತಲೆನೋವು ತರುತ್ತಿರಬಹುದು. ಮೈಗ್ರೇನ್ ಇರುವವರಲ್ಲಿ ಇದು ಮಾಮೂಲು. ಎಣಿಸದೆ ಇದು ಗೊತ್ತಾಗುವುದೇ ಇಲ್ಲ.

ಯಾವ ಆ್ಯಪ್?

ನಮ್ಮ ಊರುಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಆರೋಗ್ಯ ಆ್ಯಪ್ ಯಾವುದು ಎಂದು ಕೇಳಿದರೆ ನಾನು ವಾಟ್ಸ್ಆ್ಯಪ್ ಎನ್ನುತ್ತೇನೆ. ತಾಯಿ ಬೆಳ್ಳಾವಿಯಲ್ಲಿ, ಮಗ ಪೀಣ್ಯದಲ್ಲಿ. ಬಿಪಿ ಮಿಷನ್ನಿನ ಪರದೆಯ ಫೋಟೋ ದಿನಾ ಬೆಳಗ್ಗೆ ಬರುತ್ತದೆ, ಮಗ ಹೆಬ್ಬೆರಳೆತ್ತಿ ಕಳಿಸುತ್ತಾನೆ. ಇದನ್ನು ನೋಡಿ ನಗಬೇಕಿಲ್ಲ, ದಿನಾಂಕ ಮತ್ತು ಸಮಯ ತಾನಾಗಿ ದಾಖಲಾಗುವ ಒಳ್ಳೆಯ ಪದ್ಧತಿಯೇ ಇದು. ಆದರೆ ಗುಡ್ ಮಾರ್ನಿಂಗ್ ಹೂವು, ಮದುವೆ ಕಾರ್ಡು, ಅಡಿಕೆ ಧಾರಣೆಗಳ ನಡುವೆ ಆ ಫೋಟೋಗಳು ಕಳೆದುಹೋಗುತ್ತವೆ. ವಾಟ್ಸ್ಆ್ಯಪ್‌ನಲ್ಲಿ ನಮಗೆ ನಾವೇ ಸಂದೇಶ ಕಳಿಸಿಕೊಳ್ಳುವ ಸೌಲಭ್ಯ ಇದೆ. ಅದನ್ನು ಆರೋಗ್ಯಕ್ಕೆಂದೇ ಮೀಸಲಿಟ್ಟು ಫೋಟೋ, ಧ್ವನಿ, ಒಂದು ಸಾಲು ಟಿಪ್ಪಣಿ ಹಾಕುತ್ತಾ ಹೋದರೆ ಓದು ಬರಹ ಕಷ್ಟವಿರುವವರಿಗೂ ಸಾಕು. ಫೋನಿನ ನೋಟ್ಸ್‌ನಲ್ಲಿ, ಗೂಗಲ್‌ನ ಜಿಬೋರ್ಡ್ ಕೀಲಿಮಣೆಯ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿದರೆ ಅದು ತಾನೇ ಬರೆದುಕೊಳ್ಳುತ್ತದೆ. ನಮ್ಮ ತುಮಕೂರಿನ ಮಾತನ್ನು ಕೆಲವೊಮ್ಮೆ ವಿಚಿತ್ರವಾಗಿ ಕೇಳಿಸಿಕೊಳ್ಳುತ್ತದೆ, ಅಂಕಿಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿ.

ಇದಕ್ಕಿಂತ ಮೇಲಿನ ಮೆಟ್ಟಿಲು ಫೋನಿನಲ್ಲೇ ಬರುವ ಆರೋಗ್ಯ ಆ್ಯಪ್‌ಗಳು. ಸ್ಯಾಮ್‌ಸಂಗ್ ಹೆಲ್ತ್‌ನಲ್ಲಿ ಬಿಪಿ, ಶುಗರ್ ಸಂಖ್ಯೆ ತುಂಬಬಹುದು. ಐಫೋನಿನ ಹೆಲ್ತ್ ಆ್ಯಪ್‌ನಲ್ಲಿ ಲಕ್ಷಣಗಳ ಪಟ್ಟಿಯೂ ಮಾತ್ರೆಯ ಜ್ಞಾಪನೆಯೂ ಇದೆ. ಮೈಗ್ರೇನ್, ಮುಟ್ಟು, ಮೂರ್ಛೆ ಇಂಥ ಒಂದೊಂದಕ್ಕೂ ಬೇರೆ ಆ್ಯಪ್‌ಗಳಿವೆ. ಆರಿಸುವಾಗ ನಾನು ನೋಡುವುದು ಮೂರೇ: ಇಂಟರ್ನೆಟ್ ಇಲ್ಲದಾಗಲೂ ಬರೆಯಲು ಬಿಡುತ್ತದೆಯೇ, ದಾಖಲೆಯನ್ನು ಪಿಡಿಎಫ್ ಮಾಡಿ ಹೊರಗೆ ಕೊಡುತ್ತದೆಯೇ, ಕನ್ನಡದಲ್ಲಿ ಟಿಪ್ಪಣಿ ಬರೆದರೆ ಒಪ್ಪುತ್ತದೆಯೇ. ಚಂದದ ಗ್ರಾಫಿಗೆ ಮರುಳಾಗಬೇಡಿ.

ಕನ್ನಡದ ವಿಷಯದಲ್ಲಿ ಸಂಕಟ ಇದ್ದೇ ಇದೆ. ಲಕ್ಷಣ ದಾಖಲಿಸುವ ಆ್ಯಪ್‌ಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲೇ ಕೇಳುತ್ತವೆ. ನಮ್ಮ ಬೆಳ್ಳಾವಿಯ ಹೆಸರು ಹೊತ್ತ ಬೆಳ್ಳಾವೆ ವೆಂಕಟನಾರಣಪ್ಪನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾ, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆ ಸೇರಿ 1918ರಲ್ಲೇ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ಹೊರಡಿಸಿದ್ದರು. ಶತಮಾನ ಕಳೆದರೂ ನಮ್ಮ ತಲೆನೋವಿಗೆ ನಾವು ಇಂಗ್ಲಿಷ್ ಗುಂಡಿಯನ್ನೇ ಒತ್ತಬೇಕು. ಆ್ಯಪ್ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ ಕೆಲಸ ಇಲ್ಲಿದೆ.

ಕ್ಯಾಮೆರಾವನ್ನೂ ಮರೆಯಬೇಡಿ. ಶುಗರ್ ಇರುವವರ ಕಾಲಿನ ಗಾಯ, ಮೈಮೇಲಿನ ದದ್ದು, ಬಾಯೊಳಗಿನ ಹುಣ್ಣು, ಇವಕ್ಕೆ ಮಾತಿಗಿಂತ ಫೋಟೋ ಮೇಲು. ಅಡಿಕೆ, ಎಲೆ, ಹೊಗೆಸೊಪ್ಪು ಹಾಕುವ ಅಭ್ಯಾಸ ನಮ್ಮ ಕಡೆ ಎಷ್ಟಿದೆ ಎಂದು ಹೇಳಬೇಕಿಲ್ಲ, ಅಡಿಕೆ ಬೆಳೆಯುವ ಸೀಮೆಯೇ ನಮ್ಮದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಬರೀ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆಯೋ ಹುಣ್ಣೋ ಕಂಡರೆ ಅಂದೇ ಟಾರ್ಚ್ ಹಿಡಿದು ಒಂದು ಫೋಟೋ, ವಾರಕ್ಕೆ ಒಂದು, ಎರಡು ವಾರಕ್ಕೆ ಇನ್ನೊಂದು. ಎರಡು ವಾರಕ್ಕೂ ಮಾಯದಿದ್ದರೆ ಮೂರನೇ ವಾರಕ್ಕೆ ಕಾಯದೆ ದಂತವೈದ್ಯರಿಗೆ ತೋರಿಸಿ. ಕಾಲಿನ ಗಾಯದ ಫೋಟೋ ತೆಗೆಯುವಾಗ ಪಕ್ಕದಲ್ಲಿ, ಗಾಯಕ್ಕೆ ತಾಗದಂತೆ, ಒಂದು ರೂಪಾಯಿ ನಾಣ್ಯ ಇಡಿ. ಗಾಯ ಹಿಗ್ಗುತ್ತಿದೆಯೋ ಕುಗ್ಗುತ್ತಿದೆಯೋ ಅಳತೆ ಸಿಗುತ್ತದೆ. ಆದರೆ ಶುಗರ್ ಇರುವವರ ಕಾಲಿನ ಗಾಯವನ್ನು ಮೊದಲ ದಿನವೇ ತೋರಿಸಬೇಕು, ಫೋಟೋ ಆಮೇಲಿನ ಹೋಲಿಕೆಗೆ.

ಬಿಪಿ ಬರೆಯುವ ಮೊದಲು

ಮನೆಯಲ್ಲಿ ತೆಗೆದ ಬಿಪಿ ಸಂಖ್ಯೆಗಳನ್ನು ಡಾಕ್ಟರು ಒಂದೊಂದು ಸಲ ನಂಬುವುದಿಲ್ಲ. ಅವರ ಅನುಮಾನಕ್ಕೆ ಕಾರಣ ಇದೆ, ನಾವು ತೆಗೆಯುವ ರೀತಿ ಹಾಗಿರುತ್ತದೆ. ಕಟ್ಟೆ ಮೇಲೆ ಕಾಲು ಇಳಿಬಿಟ್ಟು, ರವಿಕೆಯ ತೋಳಿನ ಮೇಲೇ ಪಟ್ಟಿ ಸುತ್ತಿ, ಎದುರು ಮನೆಯವರ ಜೊತೆ ಮಾತಾಡುತ್ತಾ ಒತ್ತಿದ ಬಿಪಿಗೆ ಅರ್ಥವಿಲ್ಲ.

ಕಾಫಿ, ಬೀಡಿ, ಹೊಗೆಸೊಪ್ಪು ಮುಟ್ಟಿ ಅರ್ಧ ಗಂಟೆಯಾದರೂ ಆಗಿರಲಿ. ಮೂತ್ರ ಮಾಡಿ ಬನ್ನಿ. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ, ಎರಡೂ ಪಾದ ನೆಲಕ್ಕೆ ಊರಿ, ಕಾಲ ಮೇಲೆ ಕಾಲು ಹಾಕದೆ, ಐದು ನಿಮಿಷ ಸುಮ್ಮನೆ ಕೂರಿ. ತೋಳು ಎದೆಯ ಮಟ್ಟಕ್ಕೆ ಬರುವಂತೆ ಮೇಜಿನ ಮೇಲಿಟ್ಟು, ಬರಿಗೈಗೆ ಪಟ್ಟಿ ಸುತ್ತಿ. ಅಳೆಯುವಾಗ ಮಾತಿಲ್ಲ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ. ಹೀಗೆ ಬೆಳಗ್ಗೆ ಮಾತ್ರೆಗೆ ಮೊದಲು ಎರಡು, ಸಂಜೆ ಎರಡು, ಏಳು ದಿನ. ಮೊದಲ ದಿನದ ಸಂಖ್ಯೆ ಬಿಟ್ಟು ಉಳಿದವುಗಳ ಸರಾಸರಿ ನೋಡುವುದು ರೂಢಿ. ಆಸ್ಪತ್ರೆಯಲ್ಲಿ 140/90 ಗೆರೆಯಾದರೆ ಮನೆಯ ಲೆಕ್ಕದಲ್ಲಿ ಗೆರೆ 135/85. ಒಂದು ದಿನ 150 ಬಂದರೆ ಬೆಚ್ಚಬೇಡಿ, ವಾರದ ಸರಾಸರಿ ಮುಖ್ಯ. ಆದರೆ 180/120 ದಾಟಿ, ಜೊತೆಗೆ ಎದೆನೋವು, ಉಸಿರಾಟದ ಕಷ್ಟ, ಕಣ್ಣು ಮಂಜು, ಮಾತು ತೊದಲು ಇದ್ದರೆ ನೇರ ಆಸ್ಪತ್ರೆಗೆ.

ಕ್ಯಾಮೆರಾ ಮೇಲೆ ಬೆರಳಿಟ್ಟರೆ ಬಿಪಿ ಹೇಳುತ್ತೇವೆ ಎನ್ನುವ ಆ್ಯಪ್‌ಗಳನ್ನು ದಯವಿಟ್ಟು ತೆಗೆದುಹಾಕಿ. ‘ಇನ್‌ಸ್ಟಂಟ್ ಬ್ಲಡ್ ಪ್ರೆಶರ್’ ಎಂಬ ಆ್ಯಪ್ ಅಮೆರಿಕದಲ್ಲಿ ಭರ್ಜರಿಯಾಗಿ ಮಾರಾಟವಾಗಿತ್ತು. 2016ರಲ್ಲಿ ಸಂಶೋಧಕರು ಪರೀಕ್ಷಿಸಿದಾಗ, ಬಿಪಿ ನಿಜವಾಗಿಯೂ ಹೆಚ್ಚಿದ್ದವರಲ್ಲಿ ನಾಲ್ವರಿಗೆ ಮೂವರಂತೆ, ಅದಕ್ಕೂ ಹೆಚ್ಚು ಮಂದಿಗೆ, ಅದು ‘ಸರಿಯಾಗಿದೆ’ ಎಂದು ತೋರಿಸುತ್ತಿತ್ತು. ಅಲ್ಲಿನ ವ್ಯಾಪಾರ ಆಯೋಗ ಕಂಪನಿಯ ಮೇಲೆ ಕ್ರಮ ತೆಗೆದುಕೊಂಡಿತು. ಆ ಆ್ಯಪ್ ಹೋಯಿತು, ಅದರ ತಮ್ಮಂದಿರು ಪ್ಲೇ ಸ್ಟೋರಿನಲ್ಲಿ ಇನ್ನೂ ಓಡಾಡಿಕೊಂಡಿದ್ದಾರೆ.

ಲಕ್ಷಣ ತುಂಬಿದರೆ ರೋಗದ ಹೆಸರು ಹೇಳುವ ಆ್ಯಪ್‌ಗಳದ್ದೂ ಇದೇ ಜಾಡು. 2015ರಲ್ಲಿ ಇಂಥ 23 ಸಾಧನಗಳನ್ನು ಹಾರ್ವರ್ಡಿನವರು ಪರೀಕ್ಷಿಸಿದಾಗ ಮೊದಲ ಉತ್ತರ ಸರಿಯಾಗಿದ್ದದ್ದು ಶೇಕಡಾ 34ರಷ್ಟು ಸಲ ಮಾತ್ರ. ಈಗ ಚಾಟ್‌ಬಾಟ್‌ಗಳು ಬಂದಿವೆ, ಮಾತು ಹೆಚ್ಚು ನಯವಾಗಿದೆ. ಡಾಕ್ಟರಿಗೆ ಯಾವ ಪ್ರಶ್ನೆ ಕೇಳಬೇಕೆಂದು ಅವನ್ನು ಕೇಳಿಕೊಳ್ಳಿ ಬೇಕಾದರೆ. ಉತ್ತರಕ್ಕೆ ಅವನ್ನೇ ನೆಚ್ಚಬೇಡಿ.

ಜ್ವರದ ಮೊದಲ ದಿನ

ಜ್ವರದಲ್ಲಿ ಫೋನು ಮಾಡುವ ದೊಡ್ಡ ಉಪಕಾರ ಒಂದು ದಿನಾಂಕ ಉಳಿಸಿಕೊಡುವುದು. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ್ದು ನೆನಪಿರಬಹುದು. ಡೆಂಗಿಯಲ್ಲಿ ಎನ್‌ಎಸ್1 ಪರೀಕ್ಷೆ ಹೆಚ್ಚು ನಂಬಿಕಸ್ಥವಾಗಿರುವುದು ಜ್ವರ ಬಂದ ಮೊದಲ ಐದು ದಿನಗಳೊಳಗೆ, ಆಮೇಲೆ ಬೇರೆ ಪರೀಕ್ಷೆ ಬೇಕು. ಎಲ್ಲಕ್ಕಿಂತ ಮೋಸದ ಸಂಗತಿ ಏನೆಂದರೆ ಅಪಾಯದ ಘಟ್ಟ ಬರುವುದು ಜ್ವರ ಇಳಿಯುವಾಗ, ಸಾಮಾನ್ಯವಾಗಿ ಮೂರರಿಂದ ಏಳನೇ ದಿನದ ನಡುವೆ. ‘ಜ್ವರ ಬಿಡ್ತು, ಇನ್ನೇನು’ ಎಂದು ಮನೆಯವರು ನಿರಾಳರಾಗುವ ಹೊತ್ತಿಗೇ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಮಂಕು ಶುರುವಾಗಬಹುದು. ಇವುಗಳಲ್ಲಿ ಒಂದು ಕಂಡರೂ ಹೊರಡಬೇಕು. ಹಾಗಾಗಿ ಮೈ ಬಿಸಿಯಾದ ದಿನವೇ ‘ಜ್ವರ, ಒಂದನೇ ದಿನ’ ಎಂದು ಬರೆಯಿರಿ. ಆಮೇಲೆ ದಿನಕ್ಕೆ ಮೂರು ಸಲ ಥರ್ಮಾಮೀಟರಿನ ಸಂಖ್ಯೆ, ಪ್ಯಾರಾಸಿಟಮಾಲ್ ಕೊಟ್ಟ ಹೊತ್ತು, ಮಕ್ಕಳಾದರೆ ಎಷ್ಟು ಸಲ ಮೂತ್ರ ಮಾಡಿದರು ಎಂಬುದು. ಐಬುಪ್ರೊಫೇನ್, ಡೈಕ್ಲೋಫೆನಾಕ್ ಬೆರೆತ ಮಾತ್ರೆ ಈ ಜ್ವರದಲ್ಲಿ ಬೇಡ.

ಕೆಮ್ಮಿನದ್ದೂ ದಿನದ ಲೆಕ್ಕವೇ. ಎರಡು ವಾರ ದಾಟಿದರೆ ಕಫ ಪರೀಕ್ಷೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಆ್ಯಪ್ ತೆರೆಯಲೇಬಾರದ ಹೊತ್ತು

ಎದೆ ಹಿಂಡಿದ ಹಾಗಾಗಿ ನೋವು ಎಡತೋಳಿಗೋ ದವಡೆಗೋ ಹರಡಿ ತಣ್ಣನೆ ಬೆವರು ಬಂದರೆ ಹತ್ತಕ್ಕೆ ಎಷ್ಟು ಎಂದು ಯೋಚಿಸಬೇಡಿ, 108ಕ್ಕೆ ಫೋನ್ ಮಾಡಿ. ಡಾ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಅಗತ್ಯವಿದ್ದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಮಾಡಲಾಗಿದೆ. ನೋವು ಶುರುವಾದ ಮೇಲೆ ಎಷ್ಟು ಬೇಗ ತಲುಪಿದಿರಿ ಎಂಬುದರ ಮೇಲೆ ಅದರ ಫಲ.

ಬಾಯಿ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು ಪಾರ್ಶ್ವವಾಯುವಿನ ಗುರುತು. ಇಲ್ಲಿ ಒಂದೇ ಒಂದು ಸಂಗತಿ ನೆನಪಿಡಿ: ರೋಗಿ ಸರಿಯಾಗಿದ್ದುದನ್ನು ಕೊನೆಯ ಬಾರಿ ನೋಡಿದ್ದು ಎಷ್ಟು ಗಂಟೆಗೆ. ಹೆಪ್ಪು ಕರಗಿಸುವ ಔಷಧ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಅವಕಾಶ. ಆ ಲೆಕ್ಕ ಶುರುವಾಗುವುದು ಅಲ್ಲಿಂದ. ಗರ್ಭಿಣಿಯರಿಗೆ ಜೋರು ತಲೆನೋವು, ಕಣ್ಣು ಮಂಜು, ಮುಖ ಊತ, ರಕ್ತಸ್ರಾವ, ಮಗುವಿನ ಅಲುಗಾಟ ಕಡಿಮೆಯಾಗುವುದು, ಇವೂ ಬರೆದಿಡುವ ಲಕ್ಷಣಗಳಲ್ಲ, ಆಸ್ಪತ್ರೆಗೆ ಓಡುವ ಲಕ್ಷಣಗಳು. ತಾಯಿ ಕಾರ್ಡನ್ನು ಮಾತ್ರ ಕೈಯಲ್ಲಿ ಹಿಡಿದು ಹೊರಡಿ. ಆ್ಯಪ್‌ಗಳು ಹುಟ್ಟುವ ಮೊದಲಿನಿಂದಲೂ ದಾಖಲೆ ಇಡುವ ಕೆಲಸವನ್ನು ಅಂಥ ಕಾರ್ಡುಗಳೇ ಮಾಡಿಕೊಂಡು ಬಂದಿವೆ.

ಇನ್ನೊಂದು ಬಗೆಯವರಿದ್ದಾರೆ. ಬರೆಯಲು ಶುರು ಮಾಡಿದ ಮೇಲೆ ಮೈಯ ಪ್ರತಿ ಮಿಡಿತವೂ ಕೇಳಿಸತೊಡಗುತ್ತದೆ, ದಿನಕ್ಕೆ ಇಪ್ಪತ್ತು ಸಲ ಬಿಪಿ ನೋಡುತ್ತಾರೆ, ನೋಡಿದಷ್ಟೂ ಏರುತ್ತದೆ. ನಿಮಗೆ ಹೀಗಾಗುತ್ತಿದೆ ಎನಿಸಿದರೆ ಆ್ಯಪ್ ತೆಗೆದುಹಾಕುವುದೇ ಚಿಕಿತ್ಸೆ. ಆತಂಕ ತಡೆಯಲಾಗದಿದ್ದರೆ ಟೆಲಿ ಮನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಯಾರ ಕಣ್ಣಿಗೆ ಬೀಳುತ್ತದೆ

ಮುಟ್ಟಿನ ದಿನಗಳನ್ನು ಬರೆದಿಡುವ ‘ಫ್ಲೋ’ ಎಂಬ ಆ್ಯಪ್ ಕೋಟ್ಯಂತರ ಹೆಂಗಸರ ಮಾಹಿತಿಯನ್ನು ಫೇಸ್‌ಬುಕ್, ಗೂಗಲ್ ಮುಂತಾದ ಕಂಪನಿಗಳಿಗೆ ದಾಟಿಸುತ್ತಿತ್ತು ಎಂದು ಅಮೆರಿಕದ ವ್ಯಾಪಾರ ಆಯೋಗ ಆರೋಪಿಸಿ, 2021ರ ಜನವರಿಯಲ್ಲಿ ಆ ಕಂಪನಿಯೊಂದಿಗೆ ಇತ್ಯರ್ಥ ಮಾಡಿಕೊಂಡಿತು. ನಮ್ಮಲ್ಲೂ 2023ರಲ್ಲಿ ವೈಯಕ್ತಿಕ ಡಿಜಿಟಲ್ ಮಾಹಿತಿ ರಕ್ಷಣಾ ಕಾಯ್ದೆ ಬಂದಿದೆ. ಕಾಯ್ದೆ ಕಾಯುತ್ತದೆ ಎಂದು ಕೂರದೆ ನಾವೂ ಒಂದಿಷ್ಟು ನೋಡಿಕೊಳ್ಳಬೇಕು. ತಲೆನೋವು ಬರೆಯುವ ಆ್ಯಪ್‌ಗೆ ನಿಮ್ಮ ಫೋನ್‌ಬುಕ್ ಯಾಕೆ ಬೇಕು, ಲೊಕೇಶನ್ ಯಾಕೆ ಬೇಕು? ಅನುಮತಿ ಕೊಡಬೇಡಿ. ಅನುಮತಿ ಇಲ್ಲದೆ ತೆರೆಯುವುದೇ ಇಲ್ಲ ಎಂದರೆ ಬೇರೆ ಆ್ಯಪ್ ನೋಡಿ.

ಆದರೆ ನಮ್ಮ ಮನೆಗಳಲ್ಲಿ ಗುಟ್ಟು ಸೋರುವುದು ಅಮೆರಿಕದ ಕಂಪನಿಗಿಂತ ಮೊದಲು ಪಡಸಾಲೆಯಲ್ಲೇ. ಒಂದೇ ಫೋನು, ಸಂಜೆ ಮಗನ ಕೈಗೆ ಗೇಮಿಗೆ, ರಾತ್ರಿ ಯಜಮಾನರ ಕೈಗೆ ಸುದ್ದಿಗೆ. ಬಿಳಿಸೆರಗಿನ ವಿಷಯವನ್ನೋ ಮನಸ್ಸಿನ ದುಗುಡವನ್ನೋ ಅದರಲ್ಲಿ ಬರೆಯಲು ಯಾವ ಹೆಂಗಸಿಗೆ ಧೈರ್ಯ ಬಂದೀತು? ಈಗಿನ ಹೆಚ್ಚಿನ ಫೋನುಗಳಲ್ಲಿ ಒಂದೊಂದು ಆ್ಯಪ್‌ಗೆ ಬೇರೆ ಬೀಗ ಹಾಕುವ ವ್ಯವಸ್ಥೆ ಇದೆ, ಹಾಕಿಸಿಕೊಳ್ಳಿ. ಅದೂ ಆಗದಿದ್ದರೆ ಕ್ಯಾಲೆಂಡರಿನಲ್ಲಿ ನಿಮಗೆ ಮಾತ್ರ ತಿಳಿಯುವ ಒಂದು ಗುರುತು.

ತೋರಿಸುವ ಬಗೆ

ಬರೆದದ್ದೆಲ್ಲ ತೋರಿಸಲು ಹೋದರೆ ಆ ಎರಡು ನಿಮಿಷವೂ ಸ್ಕ್ರೋಲ್ ಮಾಡುವುದರಲ್ಲೇ ಮುಗಿಯುತ್ತದೆ. ಹಿಂದಿನ ರಾತ್ರಿ ಕೂತು ಐದಾರು ಸಾಲಿಗೆ ಇಳಿಸಿ. ಏನು, ಯಾವಾಗಿಂದ, ವಾರಕ್ಕೆ ಎಷ್ಟು ಸಲ, ಯಾವಾಗ ಹೆಚ್ಚು, ಈಗ ನುಂಗುತ್ತಿರುವ ಎಲ್ಲ ಮಾತ್ರೆ, ಕೊನೆಗೆ ನಿಮ್ಮ ಒಂದು ಪ್ರಶ್ನೆ. ಮಾತ್ರೆಯ ಹೆಸರು ಬರೆಯಲು ಬಾರದಿದ್ದರೆ ಪಟ್ಟಿಯ ಫೋಟೋ ಸಾಕು. ಫೋನನ್ನು ಡಾಕ್ಟರ ಕೈಗೆ ತುರುಕುವುದಕ್ಕಿಂತ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗುವುದು ಮೇಲು, ಆ ಚೀಟಿ ಅವರ ಫೈಲಿನಲ್ಲೂ ಉಳಿಯಬಹುದು.

ಇ-ಸಂಜೀವಿನಿಯಲ್ಲಿ ವಿಡಿಯೋ ಮೂಲಕ ಡಾಕ್ಟರನ್ನು ಕಾಣುವವರಿಗಂತೂ ಈ ಸಾರಾಂಶ ಇನ್ನೂ ಮುಖ್ಯ. ಆ ಕಡೆಯವರಿಗೆ ನಿಮ್ಮ ಹೊಟ್ಟೆ ಒತ್ತಿ ನೋಡಲಾಗದು, ನಿಮ್ಮ ಮಾತೇ ಅವರಿಗೆ ಪರೀಕ್ಷೆ. ಗೃಹ ಆರೋಗ್ಯ ಯೋಜನೆ 2024ರ ಅಕ್ಟೋಬರಿನಲ್ಲಿ ಕೋಲಾರದಲ್ಲಿ ಶುರುವಾಗಿ ಬೇರೆ ಜಿಲ್ಲೆಗಳಿಗೂ ಬಂದಿದೆ, ಮೂವತ್ತು ದಾಟಿದವರ ಬಿಪಿ, ಶುಗರ್ ನೋಡಲು ಸಿಬ್ಬಂದಿ ಮನೆಗೇ ಬರುತ್ತಾರೆ. ಅವರು ಬಂದಾಗಲೂ ಅದೇ ಚೀಟಿ ತೋರಿಸಿ. ಡಿಜಿಟಲ್ ದಾಖಲೆಗೆ 14 ಅಂಕಿಯ ಆಭಾ ಸಂಖ್ಯೆ ಮಾಡಿಸಿಕೊಂಡಿದ್ದರೆ ಲ್ಯಾಬ್ ವರದಿಗಳನ್ನು ಅದಕ್ಕೆ ಜೋಡಿಸಿಕೊಳ್ಳಬಹುದು. ಯಾವ ಆಸ್ಪತ್ರೆಗೆ ತೋರಿಸಬೇಕೆಂಬ ಒಪ್ಪಿಗೆ ನಿಮ್ಮದೇ.

ಡಾಕ್ಟರು ಮಾತ್ರೆ ಬದಲಿಸಿದರೆ ಆ ದಿನಾಂಕವನ್ನು ದಾಖಲೆಯಲ್ಲಿ ಎದ್ದು ಕಾಣುವಂತೆ ಹಾಕಿ, ಅವರು ಹೇಳಿದಷ್ಟು ದಿನ ಮುಂದುವರಿಸಿ. ಪ್ರಶ್ನೆಗೆ ಉತ್ತರ ಸಿಕ್ಕಿತೆಂದರೆ ಬರೆಯುವುದು ನಿಲ್ಲಿಸಬಹುದು, ಜೀವಮಾನವಿಡೀ ಬರೆಯಬೇಕೆಂದು ಯಾರೂ ಹೇಳಿಲ್ಲ. ನಿಲ್ಲಿಸುವ ಮೊದಲು ಪಿಡಿಎಫ್ ತೆಗೆದು ಮನೆಯ ಇನ್ನೊಬ್ಬರ ಫೋನಿಗೂ ಒಂದು ಪ್ರತಿ ಕಳಿಸಿ, ಫೋನು ಬಾವಿಗೆ ಬಿದ್ದರೂ ದಾಖಲೆ ಉಳಿಯಲಿ. ಆಮೇಲೆ ಆ್ಯಪ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಅಕೌಂಟನ್ನೇ ಡಿಲೀಟ್ ಮಾಡಿ. ಬರೀ ಐಕಾನ್ ಒತ್ತಿ ಹಿಡಿದು ತೆಗೆದರೆ ಅದು ನಿಮ್ಮ ಫೋನಿನಿಂದ ಹೋಗುತ್ತದೆ, ಕಂಪನಿಯ ಸರ್ವರಿನಿಂದಲ್ಲ.